ಒಂಬತ್ತು ಗೌನು, ಹತ್ತು ಕಿಲೋ, ಒಂದು ಬೋಟು

ಹೊಟ್ಟೆಕಿಚ್ಚಿಗೆ ಯಾವ ಔಷಧಿ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ. ಸಿಗುತ್ತಿದ್ದರೆ ನಮ್ಮ ಟೈಲರಮ್ಮ ಡಬ್ಬಿಗಟ್ಟಲೆ ಕೊಳ್ಳುತ್ತಿದ್ದಳು. ಓರಗಿತ್ತಿ ದೂರದ ದ್ವೀಪಗಳಿಗೆ ಹೋಗಿ ಬಂದು ನಲವತ್ತು ಫೋಟೊ ಕಳಿಸಿದ್ದಳು. ಅದರಲ್ಲೊಂದು, ದಡದಲ್ಲಿ ಒಬ್ಬಳೇ ನಿಂತು ಕಣ್ಣಿಗೆ ಕೈ ಅಡ್ಡ ಹಿಡಿದು ಕಡಲು ನೋಡುತ್ತಿರುವುದು, ಟೈಲರಮ್ಮನ ನಿದ್ದೆಯನ್ನೇ ಕೆಡಿಸಿತ್ತು.

"'ಅಕ್ಕಾ, ಸ್ವರ್ಗ ಅಕ್ಕಾ, ಸ್ವರ್ಗ!'" ಎಂದು ಓರಗಿತ್ತಿಯ ಮೂಗುದನಿಯನ್ನು ಅಣಕಿಸುತ್ತಾ ಅವಳು ಒಂಬತ್ತನೇ ಗೌನನ್ನು ಚೀಲಕ್ಕೆ ತುರುಕಿದಳು. ಮರುದಿನ ಗಂಡನೊಂದಿಗೆ ಅವಳೂ ಅಲ್ಲಿಗೇ ಹೊರಟಿದ್ದಳು. ಬೋಟಿನವರು ತಲೆಗೆ ಹತ್ತೇ ಕಿಲೋ ಎಂದಿದ್ದರು. ಗಂಡನ ಚೀಲ ಆಗಲೇ ಅವಳ ಚಪ್ಪಲಿಗಳಿಂದ ತುಂಬಿತ್ತು. ತಕ್ಕಡಿಯ ಮುಳ್ಳು ಹನ್ನೊಂದು ದಾಟಿತು. ಸೊಳ್ಳೆಪರದೆ ತೆಗೆದಳು. ಆಮೇಲೆ ಗಂಡನ ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿಯನ್ನೂ.

ಹೊಲಿಯಲು ಕೊಟ್ಟ ಕೋಟು ಒಯ್ಯಲು ಬಂದ ಪಕ್ಕದ ಮನೆಯ ನರ್ಸಮ್ಮ ಬಾಗಿಲಲ್ಲೇ ನಿಂತರು.

"ಇದೇನೇ, ಗಂಡನ್ನ ಕರ್ಕೊಂಡು ಹೋಗಿ ಮಾತ್ರೆ ಮನೇಲಿ ಬಿಡ್ತೀಯಾ?"

"ಐದು ದಿನದ್ದು ಅವರ ಜೇಬಲ್ಲಿದೆ ನರ್ಸಮ್ಮಾ. ಐದೇ ದಿನದ ಪ್ರವಾಸ. ಬೇಕಾದ್ರೆ ಅಲ್ಲೇ ತಗೊಂಡ್ರಾಯ್ತು."

"ಅಲ್ಲಿ ಎಲ್ಲಿದೆ ಅಂಗಡಿ? ಗಾಳಿ ಎದ್ರೆ ಬೋಟೇ ಬರಲ್ಲ. ಎರಡರಷ್ಟು ಮಾತ್ರೆ ಇರ್ಲಿ, ಡಾಕ್ಟ್ರ ಚೀಟಿ ಇರ್ಲಿ, ಎಲ್ಲಾ ಕೈಚೀಲದಲ್ಲೇ ಇರ್ಲಿ. ಪರದೆ ಬೇಕೇ ಬೇಕು. ನೀರು ಕುದಿಸಿ ಕುಡೀರಿ."

"ನಮ್ಮ ಓರಗಿತ್ತಿ ಇದನ್ನೆಲ್ಲ ಹೊತ್ಕೊಂಡು ಹೋಗಿದ್ಲಾ? ನೋಡಿ ಹೇಗಿದಾಳೆ, ರಾಣಿ ಹಾಗೆ!" ಟೈಲರಮ್ಮ ಆ ಫೋಟೊವನ್ನು ನರ್ಸಮ್ಮನ ಮೂಗಿಗೇ ಹಿಡಿದಳು.

"ಅವಳನ್ನೇ ಕೇಳು."

ಕೇಳಿಯೇ ಬಿಟ್ಟಳು. ಫೋನಿನಲ್ಲಿ ಓರಗಿತ್ತಿಯ ಮೂಗುದನಿ ತಗ್ಗಿತು.

"ನಾಲ್ಕು ದಿನ ಬೋಟ್ ಬರ್ಲಿಲ್ಲ ಅಕ್ಕಾ. ನಿಮ್ಮ ಮೈದುನಂಗೂ ಸಕ್ಕರೆ ಕಾಯಿಲೆ ಅಲ್ವಾ, ಮಾತ್ರೆ ಮುಗಿದು, ತಲೆ ಎತ್ತೋಕಾಗ್ದೆ ಮಲಗಿಬಿಟ್ರು. ಆ ಫೋಟೊದಲ್ಲಿ ನಾನು ಕಡಲು ನೋಡ್ತಿಲ್ಲ. ಬೋಟ್ ನೋಡ್ತಿದೀನಿ. ನೀವು ಹೊಸ ಹೊಲಿಗೆ ಮಿಷನ್ನಿನ ಫೋಟೊ ಕಳಿಸಿದ್ರಲ್ಲ, ಅದಕ್ಕೇ ನಾನೂ ಹೊಟ್ಟೆಕಿಚ್ಚಿಗೆ ಕಳಿಸ್ದೆ."

ಟೈಲರಮ್ಮ ಈ ಸಲ ಅಣಕಿಸದೆ ಫೋನ್ ಇಟ್ಟಳು. ಒಳಗೆ ಗಂಡ ಸೀಟಿ ಹಾಕುತ್ತಾ ಗಡ್ಡ ಬೋಳಿಸಿಕೊಳ್ಳುತ್ತಿದ್ದ. ಅವಳು ಆರು ಗೌನುಗಳನ್ನು ಹೊರಗೆಳೆದು ಪರದೆ ಒಳಗಿಟ್ಟಳು, ಮಾತ್ರೆ ಡಬ್ಬಿಯನ್ನು ಕೈಚೀಲಕ್ಕೆ ಹಾಕಿದಳು.

"ಅವಳು ಎಷ್ಟು ದಿನದ ಮಾತ್ರೆ ಒಯ್ದಿದ್ಲೋ?" ಎಂದು ನರ್ಸಮ್ಮನನ್ನು ಕೇಳಿದಳು.

"ಐದು ದಿನದ್ದೇ ಇರ್ಬೇಕು."

"ಹಾಗಾದ್ರೆ ನಂದು ಹದಿನೈದು!"

ದ್ವೀಪಕ್ಕೆ ಹೊರಟ ಅಕ್ಕಂದಿರೇ, ಅಣ್ಣಂದಿರೇ, ಚೀಲ ಮುಚ್ಚುವ ಮುನ್ನ ಮಾತ್ರೆ ಎಣಿಸಿ. ಮರಳಿ ಬರಲು ನಾಲ್ಕು ದಿನ ಹೆಚ್ಚೇ ಇಟ್ಟುಕೊಳ್ಳಿ. ಯಾರದೋ ಫೋಟೊ ನೋಡಿ ಹೊಟ್ಟೆ ಉರಿದರೆ ಉರಿಯಲಿ, ಆದರೆ ಒಮ್ಮೆ ಫೋನ್ ಮಾಡಿ, ಫೋಟೊದಲ್ಲಿ ಬಾರದೆ ಉಳಿದದ್ದೇನೆಂದು ಕೇಳಿ.