ಸೀಟಲ್ಲಿ ಕೂತವರದೇ ಡ್ಯೂಟಿ

ಬಸ್ ಡಿಪೊದ ಹಳೇ ಟೈರ್ ಕೋಣೆಯಲ್ಲಿ ಟೀಚರಮ್ಮ ಮೂರು ಕುರ್ಚಿ ಸಾಲಾಗಿ ಇಟ್ಟು, ಅವುಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದಳು. ಕಂಜಂಕ್ಷನ್, ಪ್ರಿಪೊಸಿಷನ್, ಅಡ್ವರ್ಬ್. ಚೀಟಿ ಸೊಟ್ಟಗಾಗುತ್ತಿತ್ತು, ಕಿತ್ತು ಮತ್ತೆ ಅಂಟಿಸುತ್ತಿದ್ದಳು. ಹತ್ತು ಗಂಟೆಗೆ ಹೆಡ್ಡಾಫೀಸಿನ ಸಾಹೇಬರು ಕ್ಲಾಸು ನೋಡಲು ಬರುತ್ತಾರೆ. ಅವರು ರಿಪೋರ್ಟಿನಲ್ಲಿ ಇರಲಿ ಅಂತ ಬರೆದರೆ ಇನ್ನೊಂದು ವರ್ಷ ಕೆಲಸ. ಬೇಡ ಅಂದರೆ ಇವತ್ತೇ ಕೊನೆ.

ಬೆಳಗ್ಗೆ ಹೊರಡುವಾಗ ಅಕ್ಕ ಬಾಗಿಲಲ್ಲೇ ತಡೆದಿದ್ದಳು. "ಸಾಹೇಬ್ರ ಮುಂದೆ ಬಾಯಿ ಹದ್ದುಬಸ್ತಲ್ಲಿ ಇಟ್ಕೊ. ಹಿಂದಿನ ಕೆಲಸಾನೂ ನಿನ್ನ ಬಾಯಿಂದಲೇ ಹೋಗಿದ್ದು."

"ನಾನೇನು ಸುಳ್ಳು ಹೇಳಿದ್ನಾ ಅಕ್ಕ?"

"ಹೇಳಿದ್ರೆ ಉಳೀತಿತ್ತು ಕಣೆ."

ಅವಳ ವಿದ್ಯಾರ್ಥಿಗಳು ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳು. ಬಡ್ತಿಗೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ದೊಡ್ಡ ದೊಡ್ಡ ಪದಗಳನ್ನು ಅವರು ಉರು ಹೊಡೆದು ನುಂಗಿಬಿಡುತ್ತಿದ್ದರು. ಮಣ್ಣುಮುಕ್ಕಿಸುತ್ತಿದ್ದದ್ದು ಚಿಕ್ಕವು. ದೊಡ್ಡ ಪದಗಳಿಗೆ ಆಫೀಸಿನ ಗುಮಾಸ್ತರ ಹಾಗೆ ಒಂದೇ ಮೇಜು, ಒಂದೇ ಕೆಲಸ. ಚಿಕ್ಕ ಪದಗಳದು ಮನೆಯ ಹಿರಿಸೊಸೆಯ ಪಾಡು. ಕರೆದ ಕಡೆಗೆಲ್ಲ ಓಡಬೇಕು, ಹೋದ ಕಡೆ ಬೇರೆಯದೇ ಕೆಲಸ ಮಾಡಬೇಕು. ಪುಸ್ತಕ ಹಿಡಿದು ಹೇಳಿದರೆ ಯಾರ ತಲೆಗೂ ಹತ್ತಲಿಲ್ಲ. ಕೊನೆಗೆ "ಪದ ಅಂದ್ರೆ ಡ್ರೈವರು, ಕುರ್ಚಿ ಅಂದ್ರೆ ರೂಟು" ಅಂದಳು. ಹತ್ತಿತು.

ಆಟ ಸರಳ. ಮೂರು ಕುರ್ಚಿಯಲ್ಲಿ ಮೂವರು ಕೂರುತ್ತಾರೆ. ಕಂಡಕ್ಟರಕ್ಕ ತನ್ನ ಟಿಕೆಟ್ ಚೀಲದಿಂದ ಕೈಗೆ ಸಿಕ್ಕ ಚೀಟಿ ತೆಗೆದು ಒಂದು ವಾಕ್ಯ ಓದುತ್ತಾಳೆ. ಮೀಸೆ ಡ್ರೈವರು, 'ಬಟ್' ಅಂತ ಬರೆದ ಬೋರ್ಡನ್ನು, ಆ ವಾಕ್ಯದಲ್ಲಿ ಅದು ಯಾವ ರೂಟಿಗೆ ಹೋಗುತ್ತದೋ ಆ ಕುರ್ಚಿಯವರ ಕೊರಳಿಗೆ ಹಾಕಬೇಕು. ಅವರು ಅರ್ಥ ಹೇಳಬೇಕು. ಸರಿಯಿದ್ದರೆ ಟೀಚರಮ್ಮ ಎರಡು ವಿಶಲ್ ಊದುತ್ತಾಳೆ, ಬಸ್ಸು ಹೊರಟಿತು. ತಪ್ಪಿದರೆ ಒಂದೇ ವಿಶಲ್, ಬಸ್ಸು ನಿಂತಿತು.

ಸಾಹೇಬರು ಬಂದವರೇ ಬೆವರು ಒರೆಸಿಕೊಂಡರು. ಅವರಿಗೆಂದು ಮೂಲೆಯಲ್ಲಿ ಹಾಕಿದ್ದ ಮೆತ್ತನೆ ಕುರ್ಚಿಯತ್ತ ನೋಡಲೂ ಇಲ್ಲ. ಫ್ಯಾನಿನ ಕೆಳಗಿದ್ದದ್ದು ಅಡ್ವರ್ಬ್ ಕುರ್ಚಿ. ಅಲ್ಲಿದ್ದ ಮೆಕ್ಯಾನಿಕ್ಕು ಎದ್ದು ಗೋಡೆಗೆ ಅಂಟಿಕೊಂಡ. ಸಾಹೇಬರು ಕೂತರು. ಚೀಟಿ ಅವರ ಬೆನ್ನಿನಡಿ ಅಪ್ಪಚ್ಚಿಯಾಯಿತು.

"ಇವತ್ತೇನು ಪಾಠ?"

"ಬಟ್, ಸಾರ್. ಹೋದ ವಾರ ಕಲಿಸಿದ್ದು, ಇವತ್ತು ಆಟ."

"ಒಂದು ಬಟ್‌ಗೆ ಒಂದು ದಿನದ ಕ್ಲಾಸಾ? ಬಟ್ ಅಂದ್ರೆ ಆದರೆ. ಎರಡು ನಿಮಿಷದ ಕೆಲ್ಸ. ಇದಕ್ಕೆ ಡ್ರೈವರುಗಳನ್ನ ಡ್ಯೂಟಿಯಿಂದ ಬಿಡಿಸ್ಬೇಕಾ? ಹೂಂ, ನಡೀಲಿ."

ಟೀಚರಮ್ಮನ ನಾಲಿಗೆ ತುದಿಗೆ ಉತ್ತರ ಬಂತು. ಅಕ್ಕ ನೆನಪಾದಳು. ನುಂಗಿಕೊಂಡಳು.

ಮೊದಲ ಚೀಟಿ: ಓಡಿದೆ, ಬಟ್ ಬಸ್ಸು ತಪ್ಪಿತು. ಕಂಜಂಕ್ಷನ್. ಎರಡು ವಿಶಲ್. ಎರಡನೆಯದು: ಆಲ್ ಬಟ್ ಒನ್ ಕೇಮ್. "ಒಬ್ಬನ್ನ ಬಿಟ್ಟು ಎಲ್ರೂ ಬಂದ್ರು," ಅಂದ ಪ್ರಿಪೊಸಿಷನ್ ಕುರ್ಚಿಯ ಡ್ರೈವರು. ಎರಡು ವಿಶಲ್. ಸಾಹೇಬರು ಗಡಿಯಾರ ನೋಡಿಕೊಂಡರು.

ಕಂಡಕ್ಟರಕ್ಕ ಮೂರನೆಯದನ್ನು ತೆಗೆದು, ಮನಸ್ಸಿನಲ್ಲೇ ಓದಿಕೊಂಡು, ಟೀಚರಮ್ಮನ ಮುಖ ನೋಡಿದಳು. "ಬೇರೆ ತೆಗೀಲಾ ಮೇಡಂ?"

"ಯಾಕೆ? ಓದಮ್ಮ," ಅಂದರು ಸಾಹೇಬರು.

"ಹೀ ಈಸ್ ಬಟ್ ಎ ಡ್ರೈವರ್."

ಇದು ಸಾಹೇಬರು ಕೂತ ಅಡ್ವರ್ಬ್ ರೂಟು ಅಂತ ಮೀಸೆಗೆ ಗೊತ್ತಿತ್ತು, ಕೋಣೆಗೆಲ್ಲ ಗೊತ್ತಿತ್ತು. ಅವನು ಬೋರ್ಡು ಹಿಡಿದು ಟೀಚರಮ್ಮನತ್ತ ನೋಡಿದ. ಕಂಜಂಕ್ಷನ್ ಕಡೆಗೆ ಒಂದು ಸಲ ಕಣ್ಣು ಹೊರಳಿಸಿದ್ದರೆ ಸಾಕಿತ್ತು. ತಪ್ಪು ಕೊರಳಿಗೆ ಬೋರ್ಡು, ಎರಡು ವಿಶಲ್, ಒಂದು ವರ್ಷದ ಕೆಲಸ. ಅವಳ ಕಣ್ಣು ಹೊರಳಲಿಲ್ಲ.

ಮೀಸೆ ನೆಟ್ಟಗೆ ಹೋಗಿ ಸಾಹೇಬರ ಮುಂದೆ ಬೋರ್ಡು ಹಿಡಿದ.

"ಏನಯ್ಯ ಇದು?"

"ಸೀಟಲ್ಲಿ ಕೂತೋರದ್ದೇ ಡ್ಯೂಟಿ ಸಾರ್. ಡಿಪೊ ರೂಲು. ನೀವೇ ಸೈನ್ ಹಾಕಿರೋದು, ಗೇಟಲ್ಲಿ ಅಂಟಿಸಿದ್ದಾರೆ."

ಹಿಂದೆ ಯಾರೋ ಕೆಮ್ಮಿದರು. ನಗು ಕೆಮ್ಮಿನ ವೇಷ ಹಾಕಿ ಬಂದಿತ್ತು. ಸಾಹೇಬರು ಏಳುವಂತಿಲ್ಲ, ಎದ್ದರೆ ಸೋತಂತೆ. ಬೋರ್ಡು ಕಸಿದು ಕೊರಳಿಗೆ ಹಾಕಿಕೊಂಡರು.

"ಇದೇನು ಮಹಾ. ಅವನು... ಆದರೆ... ಒಬ್ಬ ಡ್ರೈವರು."

ಎಲ್ಲರ ಕಣ್ಣೂ ವಿಶಲ್ ಮೇಲೆ. ಎರಡು ಊದಿದರೆ ನಾಳೆಯೂ ಇದೇ ಕೋಣೆ. ಆದರೆ ನಾಳೆ ಇದೇ ಕೋಣೆಯಲ್ಲಿ ಇವರಿಗೆ ಯಾವ ಮುಖ ಇಟ್ಟುಕೊಂಡು ತಪ್ಪು ತಿದ್ದುವುದು?

ಅವಳು ಊದಿದಳು. ಒಂದೇ ಸಲ.

ಸಾಹೇಬರ ಕಿವಿ ಕೆಂಪಾಯಿತು. "ಅಂದ್ರೆ? ನಂದು ತಪ್ಪಾ?"

"ಬಸ್ಸು ನಿಂತಿದೆ ಸಾರ್," ಅಂದಳು. ದನಿ ಅವಳದೇ ಅಂತ ಅವಳಿಗೇ ನಂಬಿಕೆ ಬರಲಿಲ್ಲ. "ಇಲ್ಲಿ ಅದು ಏನನ್ನೂ ಜೋಡಿಸ್ತಿಲ್ಲ."

"ಮತ್ತೇನು ಮಾಡ್ತಿದೆ?"

ಉತ್ತರ ಕೊಟ್ಟದ್ದು ಮೀಸೆ. "ಅವನು ಬರೀ ಡ್ರೈವರು, ಅಂತ ಸಾರ್. ಈ ಬಟ್ ಇಂಗ್ಲಿಷಲ್ಲಿ ಹೋದ ವಾರ ಗೊತ್ತಾಯ್ತು. ನಮ್ಮ ಭಾಷೇಲಿ ಇಪ್ಪತ್ತು ವರ್ಷದಿಂದ ಕೇಳ್ತಾನೇ ಇದೀನಿ."

ಈ ಸಲ ಯಾರೂ ಕೆಮ್ಮಲಿಲ್ಲ. ಸಾಹೇಬರು ಕೊರಳಿನ ಬೋರ್ಡನ್ನು ತಿರುಗಿಸಿ, ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಮೊದಲ ಸಲ ನೋಡುವವರಂತೆ ನೋಡಿದರು. ಎದ್ದು, ಕುರ್ಚಿಯ ಬೆನ್ನಿನಲ್ಲಿ ನಜ್ಜುಗುಜ್ಜಾಗಿದ್ದ ಚೀಟಿಯನ್ನು ಬೆರಳಿಂದ ನೀವಿ ಓದಿದರು.

"ರಿಪೋರ್ಟ್ ಎಲ್ಲಿ?" ಅಂದರು.

ಮುಗಿಯಿತು, ಅಂದುಕೊಂಡಳು ಟೀಚರಮ್ಮ. ಕಾಗದ ಕೊಡುವ ಮೊದಲೇ ಕಂಡಕ್ಟರಕ್ಕ ಅಡ್ಡ ಬಂದು, ಬಸ್ಸಿನ ಓಡಾಟ ಬರೆಯುವ ಟ್ರಿಪ್ ಶೀಟ್ ಚಾಚಿದಳು. "ಮೊದಲು ಇದು ಸಾರ್. ದಾರೀಲಿ ನಿಂತ ಬಸ್ಸಿನ ಡ್ರೈವರು ಸೈನ್ ಹಾಕ್ದೆ ಇಳಿಯೋ ಹಾಗಿಲ್ಲ. ಇದೂ ನಿಮ್ಮದೇ ರೂಲು."

"ಸೈನ್ ಹಾಕಿದ್ರೆ?"

"ಅರ್ಧಕ್ಕೆ ನಿಂತ ಟ್ರಿಪ್ಪನ್ನ ನಾಳೆ ಅದೇ ಡ್ರೈವರೇ ಮುಗಿಸ್ಬೇಕು."

ಸಾಹೇಬರು ಕಂಡಕ್ಟರಕ್ಕನನ್ನು ನೋಡಿದರು, ಮೀಸೆಯನ್ನು ನೋಡಿದರು. ಪೆನ್ನು ತೆಗೆದು ಟ್ರಿಪ್ ಶೀಟಿನಲ್ಲಿ ಸಹಿ ಹಾಕಿದರು. ಖಾಲಿ ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು.

"ನಾಳೆ ಎಷ್ಟು ಗಂಟೆಗೆ ಕ್ಲಾಸು?" ಅಂದರು ಬಾಗಿಲಲ್ಲಿ ನಿಂತು.

"ಹತ್ತಕ್ಕೆ ಸಾರ್."

"ನನ್ನ ಟ್ರಿಪ್ ಮುಗಿಯೋವರೆಗೆ ಈ ಕೋಣೆಗೆ ಬೀಗ ಹಾಕೋ ಹಾಗಿಲ್ಲ. ಮ್ಯಾನೇಜರಿಗೆ ಹೇಳಿ."

ಅಂಗಳ ಅರ್ಧ ದಾಟಿದ ಮೇಲೂ ಬೋರ್ಡು ಅವರ ಕೊರಳಲ್ಲೇ ತೂಗಾಡುತ್ತಿತ್ತು.

"ಓಡ್ಹೋಗಿ ಇಸ್ಕೊಂಡು ಬರ್ಲಾ ಮೇಡಂ?" ಅಂದ ಮೆಕ್ಯಾನಿಕ್ಕು.

"ಬೇಡ," ಅಂದಳು ಟೀಚರಮ್ಮ, ಅಡ್ವರ್ಬ್ ಕುರ್ಚಿಯಲ್ಲಿ ಕೂರುತ್ತಾ. "ನಾಳೆ ತಂದೇ ತರ್ತಾರೆ."