ಸುರುಳಿಗೊಂದು ಸ್ಟ್ಯಾಂಡು

ಬಡಗಿ ಚೀಲವನ್ನು ಮೇಜಿನ ಮೇಲೆ ಸುರಿದ. ಡ್ರಾಯರಿಗೆ ಹಾಕುವ ಪ್ಲಾಸ್ಟಿಕ್ ಹಿಡಿಗಳು ಉರುಳಿ ಕೆಲವು ನೆಲಕ್ಕೂ ಬಿದ್ದವು. ಅಂಗಡಿಯವಳು ಬಗ್ಗಿ ಆರಿಸಿಕೊಳ್ಳುತ್ತಿದ್ದಾಗ ಅವನು ಒಂದರ ಮೇಲೆ ಉಗುರು ಎಳೆದು ತೋರಿಸಿದ. ನಡುವೆ ಗೆರೆ ಬಿದ್ದಿತ್ತು.

"ಕೈಗೆ ತಾಕುತ್ತೆ ನೋಡಿ. ಇಂಥದ್ದನ್ನ ಯಾರು ತಗೋತಾರೆ?"

"ಪ್ರಿಂಟರ್ ಸರಿಯಾಗೇ ಇದೆ," ಎಂದಳು ಅವಳು, ಪ್ಲಾಸ್ಟಿಕ್ ದಾರ ಕರಗಿಸಿ ಹಿಡಿಗಳನ್ನು ಮಾಡುವ ತ್ರೀ-ಡಿ ಯಂತ್ರದ ಕಡೆ ಕೈ ತೋರಿ. "ದಾರದ ಸುರುಳಿ ತೂಗುಹಾಕಿರೋ ಸರಳು ಸರಿಯಿಲ್ಲ. ಜಗ್ಗಿದಾಗೆಲ್ಲ ಸುರುಳಿ ಕಚ್ಕೊಳುತ್ತೆ, ಅಲ್ಲಿ ಗೆರೆ ಬೀಳುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಬಡಗಿ ನಕ್ಕ. ನಕ್ಕು ಮುಗಿದ ಮೇಲೆ, ಮುಂದಿನ ಸಲವೂ ಹೀಗೇ ಬಂದರೆ ಬೇರೆಯವರ ಹತ್ತಿರ ಮಾಡಿಸುವುದಾಗಿ ಹೇಳಿ ಹೋದ. ಅವಳಿಗಿದ್ದ ಗಟ್ಟಿ ಗಿರಾಕಿ ಅವನೊಬ್ಬನೇ.

ಸ್ಟೂಲಿನ ಮೇಲೆ ಕೂತಿದ್ದ ಮಾವ ಎಲ್ಲ ಕೇಳಿಸಿಕೊಂಡರು. ಮೊದಲು ಅದು ಅವರ ಗಡಿಯಾರ ರಿಪೇರಿಯ ಅಂಗಡಿ. ಕೈ ನಡುಗಲು ಶುರುವಾದ ಮೇಲೆ ಜಾಗವನ್ನು ಸೊಸೆಗೆ ಬಿಟ್ಟುಕೊಟ್ಟರು. ಅವರ ಮೇಜು ಮಾತ್ರ ಮೂಲೆಯಲ್ಲೇ ಉಳಿದಿತ್ತು. ಅದರ ತುಂಬ ಪುಟ್ಟ ಪುಟ್ಟ ಡ್ರಾಯರುಗಳು, ಹಿಡಿಗಳು ಕಳಚಿಹೋಗಿ ನೂಲು ಕಟ್ಟಿ ಎಳೆಯುತ್ತಿದ್ದಂಥವು. ದಿನಾ ಬೆಳಿಗ್ಗೆ ಬಂದು, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು ಕೂರುತ್ತಿದ್ದರು. ಅದನ್ನು ನೋಡಿದರೆ ಅವಳಿಗೆ ಸಂಕಟ. ಒಮ್ಮೊಮ್ಮೆ, ಮನೆಯಲ್ಲೇ ಇರಬಾರದೇ ಎಂದು ಸಿಡುಕೂ ಬರುತ್ತಿತ್ತು.

ಅವಳು ಹೊಸ ಸ್ಟ್ಯಾಂಡಿನ ನಕ್ಷೆ ಮಾಡಿದಳು. ಸರಳು ಬೇಡ, ಸುರುಳಿಯ ಅಂಚು ನಾಲ್ಕು ಸಣ್ಣ ಬೇರಿಂಗುಗಳ ಮೇಲೆ ಕೂರಬೇಕು, ಊದಿದರೂ ತಿರುಗಬೇಕು. ಆದರೆ ಆ ಸ್ಟ್ಯಾಂಡು ತಯಾರಾಗಬೇಕಾದದ್ದೂ ಅದೇ ಪ್ರಿಂಟರಿನಲ್ಲಿ, ಅದೇ ಹಳೆಯ ಸರಳಿನಿಂದ ಬರುವ ದಾರದಲ್ಲಿ. ಮೊದಲನೆಯದು ಗೆರೆ ಬಿದ್ದು, ಬೇರಿಂಗು ಗುಳಿಯೊಳಗೆ ಕೂರಲಿಲ್ಲ. ಎರಡನೆಯದೂ ಅಷ್ಟೇ ಆಯಿತು.

"ಕೋಳಿ ಮೊದಲೋ ಮೊಟ್ಟೆ ಮೊದಲೋ ಅನ್ನೋ ಹಾಗಾಯ್ತಲ್ಲ," ಎಂದರು ಮಾವ. "ಆ ಸುರುಳಿ ಇಲ್ಲಿ ಕೊಡು. ನಾನು ಹಿಡ್ಕೋತೀನಿ."

ಅವಳು ಅವರ ಕೈ ನೋಡಿದಳು. ನೋಡಿದ್ದು ಅವರಿಗೂ ಗೊತ್ತಾಯಿತು.

"ನಡುಗುತ್ತೆ, ಗೊತ್ತು. ಗಡಿಯಾರ ಬಿಚ್ತೀನಿ ಅಂತ ಹೇಳಲಿಲ್ಲವಲ್ಲ ನಾನು."

ಸುರುಳಿಯ ತೂತಿಗೆ ತಮ್ಮ ಊರುಗೋಲನ್ನೇ ತೂರಿಸಿ, ಎರಡೂ ಕಡೆ ಹಿಡಿದು ಕೂತರು. ಕೈ ನಡುಗಿದಂತೆ ಸುರುಳಿಯೂ ಸಣ್ಣಗೆ ಅಲುಗುತ್ತಿತ್ತು; ಅಲುಗುತ್ತಲೇ ಇದ್ದುದರಿಂದ ಎಲ್ಲೂ ಕಚ್ಚಿಕೊಳ್ಳಲಿಲ್ಲ. ಊಟದ ಹೊತ್ತು ಮೀರಿತು. ಸಾಕು ಬಿಡಿ ಎಂದರೂ ಕೇಳಲಿಲ್ಲ. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ಅವಳು ನೋಡಿ ಎಷ್ಟೋ ಕಾಲವಾಗಿತ್ತು.

ಸ್ಟ್ಯಾಂಡು ನುಣ್ಣಗೆ ಬಂತು. ಬೇರಿಂಗುಗಳು ಗಟ್ಟಿಯಾಗಿ ಕೂತವು, ದಾರ ಸರಾಗವಾಗಿ ಬಿಚ್ಚಿಕೊಂಡಿತು. "ಚೆನ್ನಾಗಿ ಮಾಡಿದ್ದೀಯ," ಎಂದರು ಮಾವ. ಕೈಗಳು ಮತ್ತೆ ಜೇಬಿಗೆ ಹೋದವು.

ಮರುದಿನ ನೋಡಿದರೆ ಸ್ಟೂಲು ಪ್ರಿಂಟರಿನ ಪಕ್ಕಕ್ಕೆ ಬಂದಿತ್ತು. ಮಾವ ತಿರುಗುವ ಸುರುಳಿಯ ಅಂಚಿಗೆ ಒಂದು ಬೆರಳು ತಾಗಿಸಿಕೊಂಡು ಕೂತಿದ್ದರು.

"ಇರಲಿ, ಒಂದು ಕೈ ಇದ್ರೆ ಒಳ್ಳೇದು," ಎಂದರು.

ಹೊಸ ಸ್ಟ್ಯಾಂಡಿಗೆ ಯಾರ ಕೈಯೂ ಬೇಕಿರಲಿಲ್ಲ. ಬೆರಳು ಒತ್ತಿದಾಗಲೆಲ್ಲ ದಾರ ಬಿಗಿಯುತ್ತಿತ್ತು. ಹೊರಬಂದ ಹಿಡಿಯ ಮೇಲೆ ಅವಳು ಉಗುರು ಎಳೆದಳು. ಗೆರೆ ಇತ್ತು.

"ಹೇಗೆ ಬಂದಿದೆ?" ಎಂದು ಮಾವ ಕೇಳಿದರು.

"ಚೆನ್ನಾಗಿ ಬಂದಿದೆ, ಮಾವ."

ಬಡಗಿಯ ಹಿಡಿಗಳನ್ನು ಅವಳು ಮಧ್ಯಾಹ್ನ, ಅವರು ಮನೆಗೆ ಹೋದ ಮೇಲೆ ಮಾಡಿದಳು. ಅವನು ಬಂದು ಉಗುರು ಎಳೆದು ನೋಡಿ, ಇನ್ನೊಂದು ಚೀಲಕ್ಕೆ ಹೇಳಿ ಹೋದ. ಬೆಳಗಿನ, ಗೆರೆ ಬಿದ್ದ ಹಿಡಿಗಳು ಉಳಿದವು. ಅವಳು ಮೂಲೆಯ ಮೇಜಿನ ನೂಲುಗಳನ್ನು ಒಂದೊಂದಾಗಿ ಬಿಚ್ಚಿ, ಅಲ್ಲಿ ಅವನ್ನು ಕೂರಿಸುತ್ತ ಬಂದಳು.

ಒಂದು ಬೆಳಿಗ್ಗೆ ಮಾವ ಮೇಜಿನ ಮುಂದೆ ನಿಂತು ಒಂದು ಡ್ರಾಯರನ್ನು ಎಳೆದರು. ಹೆಬ್ಬೆರಳು ಹಿಡಿಯ ಗೆರೆಯ ಮೇಲೆ ನಿಂತಿತು. ಪಕ್ಕದ ಹಿಡಿ ಮುಟ್ಟಿದರು, ಅದರ ಪಕ್ಕದ್ದನ್ನೂ ಮುಟ್ಟಿದರು. ಆಮೇಲೆ ತಿರುಗಿ ಸುರುಳಿಯ ಕಡೆ ನೋಡಿದರು.

"ಕೆಳಗಿನ ಸಾಲು ಇನ್ನೂ ಬಾಕಿ ಇದೆ, ಮಾವ," ಎಂದಳು ಅವಳು, ತಲೆಯೆತ್ತದೆ.

ಅವರು ಡ್ರಾಯರನ್ನು ಮೆಲ್ಲಗೆ ಮುಚ್ಚಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಜೇಬಿನಿಂದ ಕೈ ತೆಗೆದು, ಸುರುಳಿಯ ಮೇಲೆ ಬೆರಳಿಟ್ಟರು.