ಒಳಗೆಳೆದ ಉಸಿರು

ಗುನ್ವೋರ್ ಬಾಗಿಲಲ್ಲೇ ನಿಂತು ಚಿತ್ರವನ್ನು ನೋಡಿದಳು. ಎರಡು ಮೀಟರ್ ಎಂಬತ್ತು ಸೆಂಟಿಮೀಟರ್ ಅಗಲದ ಹಾಯಿಬಟ್ಟೆ. ಅದರ ತುಂಬ ಹಡಗಿನ ತಳಕ್ಕೆ ಬಳಿಯುವ ಕೆಂಪು, ಪದರದ ಮೇಲೆ ಪದರ, ನಡುನಡುವೆ ಕೆರೆದ ಗೀರುಗಳು. ಸುತ್ತ ಬಿಳಿ ಗೋಡೆ, ಸೋಪಿನ ನೀರಲ್ಲಿ ಉಜ್ಜಿ ಉಜ್ಜಿ ಬೆಳ್ಳಗಾದ ಪೈನ್ ಹಲಗೆಯ ನೆಲ, ಬರ್ಚ್ ಮರದ ಎರಡು ಕುರ್ಚಿ, ಕಾಗದದ ಒಂದು ದೀಪ. ಸ್ವೀಡನ್ನಿನ ಉಮೆಯೊ ಊರಿನ ನದಿ ದಂಡೆಯ ಆ ಅತಿಥಿಗೃಹದ ಓದುವ ಕೋಣೆಯಲ್ಲಿ ಬೇರೇನೂ ಇರಲಿಲ್ಲ. ಕೋಣೆಯನ್ನು ರೂಪಿಸಿದವಳು ಗುನ್ವೋರ್. ಚಿತ್ರ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವಳೂ ಅವಳೇ.

"ಇದು ಇಲ್ಲಿರಬಹುದಾ?" ಎಂದು ಚಿತ್ರ ಬರೆದ ಅರ್ಗಿರೊ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಕೇಳಿದಳು.

ಗುನ್ವೋರ್ ತುಟಿ ತುಸುವೇ ತೆರೆದು ಸರಕ್ಕನೆ ಉಸಿರು ಒಳಗೆಳೆದುಕೊಂಡಳು. ಆಮೇಲೆ, ಮೂರು ಗಂಟೆಗೆ ಬರುವುದಾಗಿ ಹೇಳಿ ಹೊರಟುಹೋದಳು.

ಆಗ ಹನ್ನೊಂದೂವರೆ.

ಅರ್ಗಿರೊಗೆ ಐವತ್ತೆರಡು ವರ್ಷ. ಗ್ರೀಸಿನ ಪಿರೇಯಸ್ ಬಂದರಿನ ಪಕ್ಕದ ಪೆರಾಮಾದವಳು. ಅವಳ ಅಪ್ಪ ಯಾಕೂಮಿಸ್ ಅಲ್ಲಿನ ಹಡಗು ದುರಸ್ತಿಕಟ್ಟೆಗಳಲ್ಲಿ ಮೂವತ್ತೆಂಟು ವರ್ಷ ತಳ ಕೆರೆದು ಕೆಂಪು ಬಳಿದವನು. ತನ್ನ ಕೆಲಸವನ್ನು ಮೀನು ಬಿಟ್ಟರೆ ಯಾರೂ ನೋಡುವುದಿಲ್ಲ ಎಂದು ಕಾಫಿ ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದ. ಚಿತ್ರ ಗೋಡೆಗೇರಿದ ದಿನವೇ ಫೋಟೊ ಕಳಿಸಬೇಕೆಂದು ಮಗಳಿಂದ ಮಾತು ತೆಗೆದುಕೊಂಡಿದ್ದ. ಮರುದಿನ ಬೆಳಗ್ಗೆಯೇ ಅವಳ ವಿಮಾನ.

ಅವಳು ಕಿಟಕಿಯಿಂದ ಗೋಡೆಗೆ, ಗೋಡೆಯಿಂದ ಕಿಟಕಿಗೆ ನಡೆದಳು. ಹನ್ನೊಂದು ಹೆಜ್ಜೆ. ಕುರ್ಚಿಯಲ್ಲಿ ಕೂತಳು, ಎದ್ದಳು. ಗುನ್ವೋರ್ ಒಳಗೆಳೆದದ್ದು ಹೆಣ ಕಂಡವರ ಉಸಿರು ಎಂದು ಅವಳಿಗೆ ಅನಿಸಿತ್ತು. ಗುನ್ವೋರಳ ಹಳೆಯ ಪತ್ರವನ್ನು ಫೋನಿನಲ್ಲಿ ಮತ್ತೆ ತೆಗೆದಳು. ‘ಈ ಕೋಣೆಗೆ ಶಾಂತಿ ಬೇಕು’ ಎಂಬ ಸಾಲು ಅಲ್ಲೇ ಇತ್ತು. ದೊಡ್ಡಪ್ಪನ ಮಗ ಸ್ತ್ರಾತಿಸ್ ಈ ಊರಲ್ಲಿ ಇಪ್ಪತ್ತಾರು ವರ್ಷದಿಂದ ಬಸ್ ಓಡಿಸುತ್ತಾನೆ. ಬೆಳಗ್ಗೆ ಅವಳನ್ನು ಇಲ್ಲಿಗೆ ಬಿಟ್ಟು ಕೆಲಸಕ್ಕೆ ಹೋದವನು ಅವನೇ. ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಗೋಡೆಗೆ ಬಣ್ಣ ಬಳಿದವರು ಬಿಟ್ಟುಹೋದ ಬಿಳಿ ಬಣ್ಣದ ಬಕೆಟ್ಟು ಮೂಲೆಯಲ್ಲಿತ್ತು. ಚಿತ್ರ ಪೂರ್ತಿ ವಾಪಸು ಹೋಗುವುದಕ್ಕಿಂತ, ಒಂದು ಬದಿಗೆ ಬಿಳಿ ಬಳಿದು ಕೆಂಪಿನ ಅಬ್ಬರ ತಗ್ಗಿಸಿದರೆ, ಅದರ ಮೂರನೇ ಎರಡು ಭಾಗವಾದರೂ ಗೋಡೆಯ ಮೇಲೆ ಉಳಿದೀತು ಎಂದು ಲೆಕ್ಕ ಹಾಕಿದಳು. ಹನ್ನೆರಡೂಕಾಲಿಗೆ ರೋಲರ್ ಅದ್ದಿದಳು. ಒಂದು ಪಟ್ಟಿ ಬಳಿದು, ಕಿಟಕಿಯವರೆಗೆ ಹೋಗಿ, ಬಂದು ಇನ್ನೊಂದು ಬಳಿದಳು. ಒಂದು ಗಂಟೆಯ ಹೊತ್ತಿಗೆ ಬಲಬದಿ ಗೋಡೆಯಷ್ಟೇ ಬೆಳ್ಳಗಾಗಿತ್ತು.

ಎರಡು ಗಂಟೆಗೆ ಸ್ತ್ರಾತಿಸ್ ಬಸ್ಸಿನ ಸಮವಸ್ತ್ರದಲ್ಲೇ ಬಂದ. ಚಿತ್ರ ನೋಡಿ ಟೋಪಿ ತೆಗೆದ. "ಇದೇನೇ ಮಾರಾಯ್ತಿ, ಅರ್ಧ ಹಡಗಿಗೆ ಹಿಮ ಬಿದ್ದಿದೆ?"

ಅವಳು ನಡೆದದ್ದನ್ನು ಹೇಳಿದಳು.

"ಏನಂದ್ಲು ಅವಳು? ಸರಿಯಾಗಿ ಹೇಳು."

"ಏನೂ ಅನ್ಲಿಲ್ಲ, ಸ್ತ್ರಾತಿ. ಹಿಂಗೆ ಮಾಡಿದ್ಲು." ಅರ್ಗಿರೊ ಉಸಿರು ಒಳಗೆಳೆದು ತೋರಿಸಿದಳು.

ಸ್ತ್ರಾತಿಸ್ ಕುರ್ಚಿಯಲ್ಲಿ ಕುಸಿದ. "ಅದು ಹೌದು ಅಂತ. ಈ ಕಡೆಯವರು ಹೌದು ಅನ್ನೋದೇ ಹಂಗೆ. ನನ್ನ ಮದುವೇಲಿ ಪಾದ್ರಿ ಕೇಳ್ದಾಗ ನನ್ನ ಹೆಂಡ್ತೀನೂ ಅದನ್ನೇ ಮಾಡಿದ್ಲು. ನಮ್ಮಮ್ಮ ನೀರಿನ ಲೋಟ ಹಿಡ್ಕೊಂಡು ಎದ್ದುಬಿಟ್ಟಿದ್ಲು, ಹುಡುಗಿಗೆ ದಮ್ಮು ಅಂತ."

ಅವಳು ನಗಲಿಲ್ಲ. ಒದ್ದೆ ಬಟ್ಟೆ ತಂದು ಉಜ್ಜಿದಳು. ಬಣ್ಣ ಹಿಡಿದುಬಿಟ್ಟಿತ್ತು. ಅಂಚಿನಲ್ಲಿ ಮಾತ್ರ ಒಂದಿಷ್ಟು ಕಿತ್ತು ಬಂತು.

ಗೋಡೆಗೆ ಬಳಿದವರು ಬಣ್ಣ ಸಿಡಿಸಿದರು ಎಂದು ಹೇಳಿಬಿಡಬಹುದೇ ಎಂದು ಸ್ತ್ರಾತಿಸ್ ಮೆಲ್ಲಗೆ ಕೇಳಿದ. ಅರ್ಗಿರೊ ಹುಬ್ಬೇರಿಸಿ, ಗಲ್ಲ ಮೇಲೆತ್ತಿ ‘ಟ್ಚ್’ ಎಂದಳು. ಅವರೂರಲ್ಲಿ ‘ಇಲ್ಲ’ ಎನ್ನುವುದು ಹಾಗೆ.

"ಅವಳ ಮುಂದೆ ಹಂಗೆ ಮಾಡಬೇಡ," ಎಂದ ಸ್ತ್ರಾತಿಸ್. "ತಲೆ ಆಡಿಸಿ ಒಪ್ಕೊಂಡೆ ಅಂದ್ಕೋತಾಳೆ."

ಮೂರಕ್ಕೆ ಸರಿಯಾಗಿ ಗುನ್ವೋರ್ ಬಂದಳು. ಅರ್ಗಿರೊ ಎಲ್ಲವನ್ನೂ ಗ್ರೀಕಿನಲ್ಲಿ ಹೇಳಿದಳು. ಸ್ತ್ರಾತಿಸ್ ಸ್ವೀಡಿಷಿಗೆ ತಿರುಗಿಸಿದ. ಗುನ್ವೋರ್ ಬಿಳಿ ಭಾಗದ ಎದುರು ಬಹಳ ಹೊತ್ತು ನಿಂತಳು. ಅರ್ಗಿರೊಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಗೆ ಹೋಗಿ ಬಂದು, ತಾನೇ ಇಂಗ್ಲಿಷಿನಲ್ಲಿ ಕೇಳಿದಳು.

"ಹಾಳಾಯ್ತಾ?"

ಗುನ್ವೋರ್ ಉಸಿರು ಒಳಗೆಳೆದುಕೊಂಡಳು.

ಈ ಸಲ ಅರ್ಥ ಕೇಳಬೇಕಾಗಿರಲಿಲ್ಲ. ಅರ್ಗಿರೊ ಗೋಡೆಗೆ ಕೈ ಊರಿದಳು.

"ನಾಳೆ ನಾನು ಹೋಗಲ್ಲ. ಕೆರೆದು ತೆಗೀತೀನಿ. ಎಷ್ಟು ದಿನವಾಗುತ್ತೋ ಗೊತ್ತಿಲ್ಲ. ಕಾಯ್ತೀರಾ?"

ಮತ್ತೆ ಅದೇ ಸದ್ದು. ಗುನ್ವೋರ್ ಒಳಗೆ ಹೋಗಿ ನೆಲ ಉಜ್ಜುವ ಸೋಪನ್ನು ಬಿಸಿನೀರಲ್ಲಿ ಕಲಸಿ ತಂದಳು. ಚಿತ್ರವನ್ನು ಮೂವರೂ ಇಳಿಸಿ ನೆಲದ ಮೇಲೆ ಮಲಗಿಸಿದರು. ಸೋಪಿನ ನೀರು ಕುಡಿದು ಬಿಳಿ ಮೆತ್ತಗಾಗತೊಡಗಿತು. ಅರ್ಗಿರೊ ಬಣ್ಣ ಕೆರೆಯುವ ಅಗಲ ಬ್ಲೇಡು ಹಿಡಿದು ಮಂಡಿಯೂರಿದಳು.

ಐದರ ಸುಮಾರಿಗೆ ಅಪ್ಪನ ಫೋನು ಬಂತು.

"ಏರಿಸಿದ್ರೇನೇ?"

"ಏರಿಸಿದ್ವಿ ಅಪ್ಪ. ಈಗ ಇಳಿಸಿದೀವಿ. ಮೇಲೆ ನಾನೇ ಬಿಳಿ ಬಳಿದುಬಿಟ್ಟೆ. ಕೆರೀತಿದೀನಿ."

ಆ ಕಡೆ ಕಾಫಿ ಅಂಗಡಿಯ ಗದ್ದಲ. ಅವನು ಕಾರಣ ಕೇಳಲಿಲ್ಲ.

"ಬ್ಲೇಡ್ ಎಷ್ಟು ಓರೆ ಹಿಡಿದಿದೀಯ?"

ಅವಳು ಕೈ ನೋಡಿಕೊಂಡಳು. ನೆಟ್ಟಗೆ ಹಿಡಿದಿದ್ದೇನೆ, ಒಂದು ಕಡೆ ಕೆಂಪೂ ಎದ್ದು ಬಂದಿದೆ ಎಂದಳು.

"ಮಲಗಿಸು," ಎಂದ ಯಾಕೂಮಿಸ್. "ಇನ್ನೂ ಮಲಗಿಸು. ಈಗ ತಳ್ಳು."